ಬೇಬಾಕಿ

ಒಬ್ಬರು ಕೊರಟಗೆರೆ ತಾಲ್ಲೂಕಿನ ಗ್ರಾಮ ಪಂಚಾಯಿತಿಯೊಂದರಲ್ಲಿ ಕರ ವಸೂಲಿಗಾರರಾಗಿದ್ದು ನಿವೃತ್ತರಾದವರು. ಸರ್ಕಾರಿ ಕಾಗದದಲ್ಲಷ್ಟೇ ಕರ ವಸೂಲಿಗಾರ. ಊರವರ ಬಾಯಲ್ಲಿ ಬಿಲ್ ಕಲೆಕ್ಟರ್. ಈಗ ಮಧುಗಿರಿಯಲ್ಲಿ ಮಗನ ಜೊತೆ ಇದ್ದಾರೆ. ಇನ್ನೊಬ್ಬಳು ಅವರ ತಂಗಿಯ ಮಗಳು, ಬೆಂಗಳೂರಿನ ತುಮಕೂರು ರಸ್ತೆ ಬದಿಯ ಅಪಾರ್ಟ್‌ಮೆಂಟೊಂದರ ಮಾಲೀಕರ ಸಂಘಕ್ಕೆ ಈ ವರ್ಷದ ಖಜಾಂಚಿ. ಎಲ್ಲರೂ ಫೋನು ನೋಡುತ್ತ ತಲೆ ತಗ್ಗಿಸಿದ್ದ ಸಭೆಯಲ್ಲಿ ತಲೆ ಎತ್ತಿದವಳಿಗೆ ಆ ಹುದ್ದೆ ಬಿತ್ತು. ದಂಡಿನ ಮಾರಮ್ಮನ ಜಾತ್ರೆಗೆ ಬಂದವಳು ಮಾವನ ಮನೆಯಲ್ಲಿ ಊಟಕ್ಕೆ ಕೂತಿದ್ದಾಳೆ. ಪಕ್ಕದಲ್ಲಿಟ್ಟ ಫೋನು ಸುಮ್ಮನಿರುತ್ತಿಲ್ಲ.

ವಸೂಲಿಗಾರ: ಯಾರಮ್ಮ ಅದು, ಉಣ್ಣೋಕೂ ಬಿಡದೆ?

ಖಜಾಂಚಿ: ಅಸೋಸಿಯೇಷನ್ ಗ್ರೂಪು ಮಾವ. ಮೂರು ತಿಂಗಳಿಗಿಂತ ಹೆಚ್ಚು ಮೆಂಟೆನೆನ್ಸ್ ಬಾಕಿ ಇಟ್ಟಿರೋರ ಪಟ್ಟಿನ ಬೆಳಿಗ್ಗೆ ಲಿಫ್ಟ್ ಪಕ್ಕದ ಬೋರ್ಡಿಗೆ ಹಾಕ್ಸಿದೀನಿ. ಈಗ ಎಲ್ಲರಿಗೂ ಮಾನ ನೆನಪಾಗಿದೆ.

ವಸೂಲಿಗಾರ: ಹೆಸರು ಹಾಕಿದೀಯೋ?

ಖಜಾಂಚಿ: ಇಲ್ಲ, ಬರೀ ಫ್ಲಾಟ್ ನಂಬರು.

ವಸೂಲಿಗಾರ: ನಂಬರು ನೋಡಿದ್ರೆ ಯಾರು ಅಂತ ಗೊತ್ತಾಗದಷ್ಟು ದೊಡ್ಡ ಊರಾ ನಿಮ್ಮದು?

ಖಜಾಂಚಿ: ತೊಂಬತ್ತಾರು ಮನೆ.

ವಸೂಲಿಗಾರ: ನಮ್ಮ ಕಡೆ ಅದು ಒಂದು ಹಳ್ಳಿ. ಗ್ರಾಮಸಭೇಲಿ ಬಾಕಿದಾರರ ಹೆಸರು ಓದಪ್ಪ ಅಂತ ನನಗೂ ಹೇಳಿದ್ರು. ನಾನು ಓದಲಿಲ್ಲ. ಇವತ್ತು ಮೈಕಿನಲ್ಲಿ ಓದಿಬಿಟ್ರೆ ನಾಳೆ ಅದೇ ಮನೆ ಜಗುಲಿ ಮೇಲೆ ರಸೀದಿ ಪುಸ್ತಕ ಬಿಚ್ಚಬೇಕಲ್ಲ. ಒಂದು ಸಲ ಮಾನ ಹೋದೋನಿಗೆ ಎರಡನೇ ಸಲ ಹೋಗೋಕೆ ಏನೂ ಉಳಿದಿರಲ್ಲ ಕಣಮ್ಮ. ಆಮೇಲೆ ಅವನು ಕಟ್ಟೋದೇ ಇಲ್ಲ.

ಖಜಾಂಚಿ: ನೀವು ಓದದೇ ಇದ್ದಿದ್ದಕ್ಕೆ ಕಟ್ಟಿಬಿಟ್ರಾ? ನಿಮ್ಮ ಡಿಸಿಬಿ ವಹೀಲಿ ಯಾವತ್ತಾದ್ರೂ ಬಾಕಿ ಕಾಲಂ ಸೊನ್ನೆ ಆಗಿದ್ದುಂಟಾ?

ವಸೂಲಿಗಾರ: ಸೊನ್ನೆ ಆಗೋದುಂಟಾ! ಬೇಡಿಕೆ, ವಸೂಲಿ, ಬಾಕಿ, ಮೂರು ಕಾಲಂ. ಮಾರ್ಚ್ 31ಕ್ಕೆ ಮೂರನೇ ಕಾಲಮ್ಮಿನಲ್ಲಿ ಉಳಿದಿದ್ದು ಏಪ್ರಿಲ್ 1ಕ್ಕೆ ಹಳೇ ಬಾಕಿ ಅಂತ ಮೊದಲನೇ ಕಾಲಮ್ಮಿಗೆ ಹೋಗಿ ಕೂತ್ಕೊಳ್ಳುತ್ತೆ. ನಾನು ಸೇರಿದಾಗ ಇದ್ದ ಕೆಲವು ಬಾಕಿ, ನಾನು ಬಿಟ್ಟಾಗಲೂ ಹಂಗೇ ಇದ್ವು. ನನಗಿಂತ ಅವಕ್ಕೇ ಸರ್ವೀಸು ಜಾಸ್ತಿ.

ಇಲ್ಲಿ ನಡುವೆ ಬಾಯಿ ಹಾಕಿ ಒಂದು ಮಾತು ಹೇಳಬೇಕು. ಶಿರಾದಲ್ಲಿ ನಗರಸಭೆ, ಮಧುಗಿರಿ ಮತ್ತು ಪಾವಗಡದಲ್ಲಿ ಪುರಸಭೆ, ಕೊರಟಗೆರೆಯಲ್ಲಿ ಪಟ್ಟಣ ಪಂಚಾಯಿತಿ, ಸುತ್ತ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ. ಬೋರ್ಡು ಬೇರೆ ಬೇರೆಯಾದರೂ ಒಳಗಿನ ವಹಿಯ ಆ ಮೂರು ಕಾಲಂ ಎಲ್ಲ ಕಡೆಯೂ ಒಂದೇ. ಈ ಹುಡುಗಿಯ ಲ್ಯಾಪ್‌ಟಾಪಿನಲ್ಲಿರುವುದೂ ಅವೇ. ಅದಕ್ಕೇ ಇಬ್ಬರ ಜಗಳ ಇಷ್ಟು ಬೇಗ ಹದಕ್ಕೆ ಬಂತು.

ಖಜಾಂಚಿ: ನಿಮಗೆ ಸರ್ವೀಸು, ನಮಗೆ ತಿಂಗಳ ತಲೆನೋವು. ಸೆಕ್ಯೂರಿಟಿಯವರಿಗೆ, ಹೌಸ್‌ಕೀಪಿಂಗಿನವರಿಗೆ ಒಂದನೇ ತಾರೀಕು ಸಂಬಳ ಆಗಬೇಕು. ಲಿಫ್ಟ್ ಕಂಪನಿಗೆ ವರ್ಷದ ಕಾಂಟ್ರಾಕ್ಟು, ಜನರೇಟರಿಗೆ ಡೀಸೆಲ್, ಕೊಳಚೆ ನೀರಿನ ಪ್ಲಾಂಟು. 2024ರ ಬೇಸಿಗೆ ನೆನಪಿದೆಯಾ? ಬೋರು ಒಣಗಿ ಹೋಗಿ ಇಡೀ ಅಪಾರ್ಟ್‌ಮೆಂಟಿಗೆ ಟ್ಯಾಂಕರೇ ಗತಿ. 12,000 ಲೀಟರಿಗೆ, ಐದು ಕಿಲೋಮೀಟರ್ ಒಳಗಾದ್ರೆ, ಸಾವಿರ ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿತು. ಆ ದರಕ್ಕೆ ನಮ್ಮ ಗೇಟಿನ ಹತ್ರ ಒಂದು ಟ್ಯಾಂಕರೂ ನಿಲ್ಲಲಿಲ್ಲ ಅನ್ನಿ. ಟ್ಯಾಂಕರಿನವನು ಪೈಪು ಬಿಡೋ ಮೊದಲೇ ದುಡ್ಡು ಕೇಳ್ತಾನೆ. ಕಟ್ಟಿದೋರ ದುಡ್ಡಲ್ಲಿ ನೀರು ತರಿಸಿದ್ವಿ, ಕಟ್ಟದೇ ಇರೋರ ನಲ್ಲೀಲೂ ಅದೇ ನೀರು ಬಂತು. ಒಂದೇ ಸಂಪು ಮಾವ, ಬೇರೆ ಮಾಡೋಕಾಗಲ್ಲ. ಹಿಂಗಿರೋವಾಗ ಪಟ್ಟಿ ಹಾಕಿದ್ದು ನನ್ನ ತಪ್ಪಾ?

ವಸೂಲಿಗಾರ: ತಪ್ಪು ಅಂದ್ನಾ ನಾನು? ಪಟ್ಟೀಲಿರೋರು ಯಾರ್‍ಯಾರು ಹೇಳು.

ಖಜಾಂಚಿ: ಗ್ರೌಂಡ್ ಫ್ಲೋರಿನವರು ಒಬ್ಬರು. ನಾನು ಲಿಫ್ಟೇ ಹತ್ತಲ್ಲ, ಲಿಫ್ಟಿನ ದುಡ್ಡು ಯಾಕೆ ಕೊಡಲಿ ಅಂತ ವಾದ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೇಲಿ ಸ್ಪಷ್ಟವಾಗಿದೆ, ಸಾಮಾನ್ಯ ಸೌಕರ್ಯ ನಾನು ಬಳಸೋದೇ ಇಲ್ಲ ಅಂತ ಹೇಳಿ ಸಾಮಾನ್ಯ ವೆಚ್ಚದಿಂದ ತಪ್ಪಿಸ್ಕೊಳ್ಳೋ ಹಾಗಿಲ್ಲ. ಅದನ್ನೇ ಪ್ರಿಂಟ್ ತೆಗೆದು ಕೊಟ್ಟೆ. ಓದಿ, ಮಡಚಿ, ಜೇಬಿಗಿಟ್ಕೊಂಡ್ರು. ಇನ್ನೊಬ್ಬರದು ಬಾತ್‌ರೂಮಿನ ಸೀಲಿಂಗ್ ಸೋರುತ್ತಂತೆ, ಅದು ಸರಿಯಾಗೋವರೆಗೂ ಪೈಸೆ ಬಿಚ್ಚಲ್ಲ. ದೊಡ್ಡ ಫ್ಲಾಟಿನವರದು ಬೇರೆ ತಕರಾರು. ಚದರಡಿ ಲೆಕ್ಕ ಯಾಕೆ, ಮನೆಗಿಷ್ಟು ಅಂತ ಸಮ ಮಾಡಿ ಅಂತಾರೆ. ಹಂಗೆ ಮಾಡಿದ್ರೆ ಚಿಕ್ಕ ಫ್ಲಾಟಿನವರು ಬೀದಿಗಿಳೀತಾರೆ. ಇಬ್ಬರು ಮಾಲೀಕರು ಅಮೆರಿಕದಲ್ಲಿದಾರೆ. ಬಾಡಿಗೆಯವರನ್ನ ಕೇಳಿದ್ರೆ ಓನರ್ ಕೇಳಿ ಅಂತಾರೆ, ಓನರಿಗೆ ಮೇಲ್ ಹಾಕಿದ್ರೆ ಮನೆ ಖಾಲಿ ಇದ್ದಾಗಿಂದು ಯಾಕೆ ಕಟ್ಟಬೇಕು ಅಂತಾರೆ.

ವಸೂಲಿಗಾರ: ಆ ಕೊನೇ ಮಾತು ಎಲ್ಲೋ ಕೇಳಿದಂಗಿದೆ.

ಖಜಾಂಚಿ: ಎಲ್ಲಿ?

ವಸೂಲಿಗಾರ: ಊರಲ್ಲಿ ನಿಮ್ಮಪ್ಪನ ಮನೆಗೆ ಬೀಗ ಬಿದ್ದು ಎಷ್ಟು ವರ್ಷ ಆಯ್ತು? ನಾನು ರಿಟೈರ್ ಆಗೋವರೆಗೂ ಆ ಮನೆ ಕಂದಾಯ, ನೀರಿನ ಬಿಲ್ಲು ನನ್ನ ವಹೀಲೇ ಇತ್ತು. ತಂಗಿ ಮನೆ ಅಂತ ನಾನು ಬಾಯಿ ಬಿಡಲಿಲ್ಲ.

ಖಜಾಂಚಿ: ಅಯ್ಯೋ, ಅಲ್ಲಿ ಯಾರಿದಾರೆ ಮಾವ? ಆ ನಲ್ಲಿ ತಿರುಗಿಸಿದೋರೇ ಇಲ್ಲ.

ವಸೂಲಿಗಾರ: ಹಂಗಾದ್ರೆ ನೀನೂ ನಿಮ್ಮ ಗ್ರೌಂಡ್ ಫ್ಲೋರಿನವರೂ ಒಂದೇ ಪಾರ್ಟಿ. ಮನೆ ಮುಂದಿನ ಲೈಟು ಊರಿಗೆಲ್ಲ ಉರಿಯುತ್ತೆ, ಚರಂಡಿ ಹೂಳು ಊರಿಗೆಲ್ಲ ತೆಗೀತಾರೆ.

ಖಜಾಂಚಿ: ಒಂದೇ ಪಾರ್ಟಿ ಅಲ್ಲ. ನಾನು ತಿಂಗಳು ತಿಂಗಳೂ ಬಿಲ್ ಕಳಿಸ್ತೀನಿ, ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಹಾಕ್ತೀನಿ. ನಮ್ಮಪ್ಪಂಗೆ ನಿಮ್ಮ ಪಂಚಾಯಿತಿಯಿಂದ ಒಂದಾದ್ರೂ ಡಿಮಾಂಡ್ ನೋಟಿಸ್ ಬಂದಿದೆಯಾ? ಕೇಳದೇ ಇರೋ ಬಾಕಿನ ಬಾಕಿ ಅಂತ ಬರ್ಕೊಂಡು ಕೂತ್ರೆ ಆಯ್ತಾ?

ವಸೂಲಿಗಾರ: (ಸ್ವಲ್ಪ ಹೊತ್ತು ಬಿಟ್ಟು) ಅದು ನಿಜ. ಕೊಡಬೇಕು ಅಂತ ಕಾನೂನಿದೆ, ಕೊಟ್ಟಿಲ್ಲ. ಐದಾರು ಹಳ್ಳಿಗೆ ಒಬ್ಬನೇ ನಾನು. ನೋಟಿಸು ಬರೆಯೋದರಲ್ಲೇ ವರ್ಷ ಕಳೆದುಹೋಗ್ತಿತ್ತು. ಆದರೂ ಲೆಕ್ಕ ಮುಚ್ಚಿಟ್ಟಿಲ್ಲಮ್ಮ, ವರ್ಷಕ್ಕೊಂದು ಜಮಾಬಂದಿ ಮಾಡಿ ಎಲ್ಲರ ಮುಂದೆ ಓದ್ತಿದ್ವಿ.

ಖಜಾಂಚಿ: ಎಷ್ಟು ಜನ ಬರ್ತಿದ್ರು?

ವಸೂಲಿಗಾರ: ನಿಮ್ಮ ವಾರ್ಷಿಕ ಸಭೆಗೆ ಎಷ್ಟು ಜನ ಬರ್ತಾರೆ?

ಖಜಾಂಚಿ: ಕೋರಂ ಆಗಲ್ಲ. ಅರ್ಧ ಗಂಟೆ ಮುಂದೂಡಿ, ಇದ್ದಷ್ಟೇ ಜನ ಇಟ್ಕೊಂಡು ಶುರು ಮಾಡ್ತೀವಿ.

ಇಬ್ಬರೂ ನಕ್ಕರು. ಒಂದು ತುತ್ತು ಮುದ್ದೆ ಇಳಿಯುವಷ್ಟು ಹೊತ್ತು ರಾಜಿಯಾಗಿತ್ತು.

ಖಜಾಂಚಿ: ಸರಿ, ನೀವು ಪಟ್ಟಿ ಓದಲ್ಲ, ನೋಟಿಸ್ ಕೊಡಲ್ಲ. ಮತ್ತೆ ವಸೂಲಿ ಹೆಂಗೆ ಮಾಡ್ತಿದ್ರಿ?

ವಸೂಲಿಗಾರ: ಕಾಯ್ತಿದ್ದೆ. ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ? ಮನೆ ಭಾಗ ಆಗುತ್ತೆ, ಬ್ಯಾಂಕ್ ಸಾಲ ಬೇಕಾಗುತ್ತೆ, ಸೈಟ್ ಮಾರಬೇಕಾಗುತ್ತೆ. ಆಗ ಇ-ಸ್ವತ್ತಿನ ಫಾರಂ 9, ಫಾರಂ 11 ಬೇಕು. ಕಂದಾಯದ ರಸೀದಿ ಇಲ್ಲದೆ ಅದು ಹೊರಡಲ್ಲ. ಚುನಾವಣೆ ಬಂತು ಅಂದ್ರಂತೂ ಹಬ್ಬ. ಪಂಚಾಯಿತಿಗೆ ಬಾಕಿ ಇಟ್ಕೊಂಡೋನು ಮೆಂಬರ್ ಆಗೋ ಹಾಗಿಲ್ಲ. 2020ರ ಡಿಸೆಂಬರಿನಲ್ಲಿ ಎಲೆಕ್ಷನ್ ಆಯ್ತಲ್ಲ, ಜನ್ಮದಲ್ಲಿ ಕಟ್ಟದೋರೂ ನಾಮಪತ್ರಕ್ಕೆ ಮೊದಲು ಬೇಬಾಕಿ ಪತ್ರ ಕೊಡಪ್ಪ ಅಂತ ಬಾಗಿಲಿಗೆ ಬಂದ್ರು. ಅಪ್ಪಂದು, ದೊಡ್ಡಪ್ಪಂದು, ಸೂಚಕಂದು, ಎಲ್ಲಾ ತೀರಿಸಿದ್ರು. ಕಾರ್ಬನ್ ಪೇಪರ್ ಸವೆದು ತೂತು ಬಿದ್ದಿತ್ತು ಆ ವಾರ.

ಖಜಾಂಚಿ: ಓಟಿನ ನಿಯಮ ನಮ್ಮ ಬೈಲಾದಲ್ಲೂ ಇದೆ, ಬಾಕಿದಾರರಿಗೆ ಮತ ಇಲ್ಲ. ಆದರೆ ನಮ್ಮಲ್ಲಿ ಕಮಿಟಿಗೆ ನಿಲ್ಲೋಕೆ ಯಾರಿಗೆ ಬೇಕಾಗಿದೆ? ಶಿಕ್ಷೆ ಅಂತ ಅದನ್ನ ಕೊಟ್ರೆ ಥ್ಯಾಂಕ್ಸ್ ಹೇಳ್ತಾರೆ. ಫ್ಲಾಟ್ ಮಾರೋವಾಗ ಎನ್‌ಒಸಿ ಕೇಳ್ಕೊಂಡು ಬರ್ತಾರೆ, ಸರಿ. ಕಾನೂನೂ ಅಲ್ಲಿ ನಮ್ಮ ಕಡೆಗಿದೆ. ಬಾಕಿ ಆ ಫ್ಲಾಟಿನ ಮೇಲೇ ಕೂರುತ್ತೆ, ತಗೊಂಡೋರೂ ಹೊಣೆ ಆಗ್ತಾರೆ. ಆದ್ರೆ ಸಾಲಲ್ಲಿ ಮೊದಲು ಸರ್ಕಾರದ ತೆರಿಗೆ, ಬ್ಯಾಂಕಿನ ಅಡಮಾನ, ಆಮೇಲೆ ನಾವು. ಅದೂ 1972ರ ಕಾಯ್ದೆ ಕೆಳಗೆ ನೋಂದಾಯಿಸ್ಕೊಂಡಿದ್ದಕ್ಕೆ ಇಷ್ಟು. 1960ರ ಸಂಘಗಳ ನೋಂದಣಿ ಕಾಯ್ದೆ ಕೆಳಗಿರೋ ಅಪಾರ್ಟ್‌ಮೆಂಟಿನವರಿಗೆ ಇದನ್ನ ಹೇಳ್ಕೊಳ್ಳೋಕೂ ಕಷ್ಟ. ಮಾರೋವರೆಗೂ ಕಾಯೋಣ ಅಂದ್ರೆ ಲಿಫ್ಟ್ ಕಾಯಲ್ಲ. ಕೆಟ್ಟ ದಿನವೇ ದುಡ್ಡು ಬೇಕು.

ವಸೂಲಿಗಾರ: ಕಾಯೋದು ಅಂದ್ರೆ ಸುಮ್ಮನೆ ಕೂರೋದಲ್ಲ. ದುಡ್ಡು ಇರೋ ಹೊತ್ತಿಗೆ ಹೋಗೋದು. ಮೇಲಿನವರಿಗೆ ಮಾರ್ಚ್ ಟಾರ್ಗೆಟ್ಟು. ಈ ಸೀಮೇಲಿ ಮಾರ್ಚಲ್ಲಿ ಯಾರ ಕೈಲಿ ಏನಿರುತ್ತೆ? ಮಳೆ ನಂಬಿ ಕಡ್ಲೆಕಾಯಿ ಇಟ್ಟೋರಿಗೆ ಕಾರ್ತಿಕದ ಹೊತ್ತಿಗೆ ನಾಲ್ಕು ಕಾಸು. ನಾನು ಆಗ ಹೋಗ್ತಿದ್ದೆ, ಗಿಡ ಕಿತ್ತು ಕಾಯಿ ಬಿಡಿಸೋ ಹೊತ್ತಲ್ಲಿ. ಪಾವಗಡದ ತಿರುಮಣಿ ಕಡೆ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟೋರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಶುರುವಾಯ್ತಲ್ಲ, ಅಂಥ ಮನೇಲಿ ಕಂದಾಯ ಕೇಳೋದು ಸುಲಭ. ಅದೇ ಜಮೀನಲ್ಲಿ ಕೂಲಿ ಮಾಡ್ಕೊಂಡಿದ್ದೋನ ಮನೆಗೆ ಯಾವ ತಿಂಗಳು ಹೋಗ್ತೀಯ? ತಾರೀಕು ಒಂದೇ ಇಟ್ರೆ ಎಲ್ಲರಿಗೂ ಒಂದೇ ಅನ್ನೋದು ಲೆಕ್ಕದ ಮಾತು. ನಿಮ್ಮಲ್ಲೂ ಎಲ್ಲರಿಗೂ ಒಂದನೇ ತಾರೀಕೇ ಸಂಬಳ ಬರುತ್ತಾ?

ಖಜಾಂಚಿ: ಇಲ್ಲ. ಕ್ಯಾಬ್ ಓಡಿಸೋರಿದಾರೆ, ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟೋರಿದಾರೆ, ಅವರಿಗೆ ಬಿಲ್ ಪಾಸಾದಾಗ ದುಡ್ಡು. ಆದರೆ ಒಬ್ಬೊಬ್ಬರಿಗೆ ಒಂದೊಂದು ತಾರೀಕು ಕೊಡ್ತಾ ಹೋದ್ರೆ ಅದು ಮುಖ ನೋಡಿ ಮಣೆ ಹಾಕಿದಂಗೆ ಆಗಲ್ವಾ?

ವಸೂಲಿಗಾರ: ಮುಖ ನೋಡಬೇಕಮ್ಮ. ಹಿಂದೆ ನಮ್ಮ ಕೆರೆಗಳಿಗೆ ನೀರುಗಂಟಿ ಇರ್ತಿದ್ದ. ಯಾವ ಗದ್ದೆಗೆ ಯಾವ ರಾತ್ರಿ ಎಷ್ಟು ಹೊತ್ತು ತೂಬು ಅಂತ ಅವನ ಕೈಲಿ. ಅವನಿಗೆ ಸಂಬಳ ಅಂತ ಇಲ್ಲ. ಸುಗ್ಗೀಲಿ ಕಣಕ್ಕೆ ಬಂದು ನಿಲ್ತಿದ್ದ. ರಾಶಿ ಪೂಜೆ ಆಗಿ, ಕೊಳಗದಲ್ಲಿ ಅಳೆಯೋ ಹೊತ್ತಿಗೆ ಅವನ ಆಯ ಅವನಿಗೆ. ಬೆಳೆ ಹೆಚ್ಚಿದ್ರೆ ಹೆಚ್ಚು, ಹೋದ್ರೆ ಅವನಿಗೂ ಇಲ್ಲ. ಬಿಲ್ಲಿಲ್ಲ, ಬಡ್ಡಿ ಇಲ್ಲ, ಬಾಕಿ ಅನ್ನೋ ಪದಾನೇ ಇಲ್ಲ.

ಖಜಾಂಚಿ: ಕೇಳೋಕೆ ಚೆನ್ನಾಗಿದೆ. ನೀರುಗಂಟಿ ಯಾವ ಕೇರಿಯೋನು ಮಾವ?

ವಸೂಲಿಗಾರ: ...ಬಹಳ ಕಡೆ ಹೊಲಗೇರಿಯೋನೇ.

ಖಜಾಂಚಿ: ಕಣದೊಳಗೆ ಬರ್ತಿದ್ನಾ, ಕಣದಾಚೆ ನಿಲ್ತಿದ್ನಾ? ಕೊಳಗ ಯಾರ ಕೈಲಿತ್ತು? ಗೌಡ್ರು ಈ ಸಲ ಇಷ್ಟೇ ಕಣೋ ಅಂತ ಕೊಳಗದ ತಲೆ ಬೋಳಿಸಿ ಸುರಿದ್ರೆ ಅವನು ಯಾವ ವಹಿ ತೋರಿಸಿ ಕೇಳ್ಬೇಕಿತ್ತು? ವರ್ಷವೆಲ್ಲ ರಾತ್ರಿ ನಿದ್ದೆಗೆಟ್ಟು ದುಡಿದ ಕೂಲಿನ ಕೈಯೊಡ್ಡಿ ಇಸ್ಕೋಬೇಕಾಗಿತ್ತು. ಬಾಕಿ ಅನ್ನೋ ಪದ ಇರಲಿಲ್ಲ, ಯಾಕಂದ್ರೆ ಅವನಿಗೆ ಬಾಕಿ ಕೇಳೋ ಬಾಯಿ ಇರಲಿಲ್ಲ. ರಸೀದಿ ಇದ್ದಿದ್ರೆ ಅವನೂ ಕೇಳಬಹುದಾಗಿತ್ತು.

ಈ ಮಾತಿಗೆ ಅವರು ಉತ್ತರ ಕೊಡಲಿಲ್ಲ. ಸಾರು ಬಡಿಸಿಕೊಂಡರು. ಆಮೇಲೆ ಬೇರೆ ದಾರಿಯಿಂದ ಬಂದರು.

ವಸೂಲಿಗಾರ: ರಸೀದೀನೂ ಬೇಡ, ಮುಖಾನೂ ಬೇಡ ಅನ್ನೋ ಯಂತ್ರ ಒಂದಿದೆ, ನೋಡಿದೀಯಲ್ಲ. ಶುದ್ಧ ನೀರಿನ ಘಟಕ. ಐದು ರೂಪಾಯಿ ಕಾಯಿನ್ ಹಾಕು, ಇಪ್ಪತ್ತು ಲೀಟರ್ ಕ್ಯಾನು ತುಂಬ್ಕೋ. ಒಂದು ಪೈಸೆ ಬಾಕಿ ಇಲ್ಲ. ನಿನಗೆ ಬೇಕಾದ್ದು ಅದೇ ತಾನೆ?

ಖಜಾಂಚಿ: ಅದರಲ್ಲೇನು ತಪ್ಪು? ಪ್ರೀಪೇಯ್ಡ್. ನಮ್ಮಲ್ಲೂ ಕೆಲವು ಅಪಾರ್ಟ್‌ಮೆಂಟಲ್ಲಿ ಮನೆ ಮನೆ ನೀರಿಗೆ ಮೀಟರು ಹಾಕಿದಾರೆ. ನೀರು ಪೋಲಾಗೋದೂ ಕಮ್ಮಿಯಾಯ್ತು, ಜಗಳಾನೂ ಕಮ್ಮಿ.

ವಸೂಲಿಗಾರ: ಪಾವಗಡದಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡು ಗೊತ್ತಲ್ಲ? ಹಲ್ಲು ಕಂದು ಆಗುತ್ತೆ, ಮೂಳೆ ಬಿಗಿಯುತ್ತೆ, ವಯಸ್ಸಾಗೋ ಮೊದಲೇ ಬೆನ್ನು ಬಗ್ಗುತ್ತೆ. ಅಲ್ಲಿ ಕಾಯಿನ್ ಇಲ್ಲದೋಳು ಏನು ಮಾಡ್ತಾಳೆ? ಮಿನಿ ಟ್ಯಾಂಕಿನ ನೀರನ್ನೇ ಹಿಡ್ಕೊಂಡು ಹೋಗ್ತಾಳೆ. ಯಂತ್ರದ ಪುಸ್ತಕದಲ್ಲಿ ಬಾಕಿ ಇಲ್ಲ, ಅವಳ ಮೂಳೇಲಿ ಇರುತ್ತೆ. ಬಾಕಿ ಅಂತ ಒಂದಿದ್ರೆ ಏನರ್ಥ? ಇವತ್ತು ಇಲ್ಲ ಅಂದೋಳಿಗೂ ಇವತ್ತೇ ನೀರು ಕೊಟ್ಟಿದೀವಿ ಅಂತ. ತುಂಗಭದ್ರಾ ಹಿನ್ನೀರು ಪಾವಗಡಕ್ಕೆ ಬರಲಿ ಅಂತ ಅಷ್ಟು ವರ್ಷ ಜನ ಕಾದಿದ್ದು ಕಾಯಿನ್ ಹಾಕೋ ನೀರಿಗಲ್ಲ, ನಲ್ಲಿ ನೀರಿಗೆ.

ಖಜಾಂಚಿ: ಆ ನೀರನ್ನ ಅಷ್ಟು ದೂರದಿಂದ ಎತ್ತಿ ತರೋ ಕರೆಂಟಿನ ಬಿಲ್ ಯಾರು ಕಟ್ತಾರೆ? ಕುಡಿಯೋ ನೀರು, ಬೀದಿ ದೀಪ ಅಂತ ರಾಜ್ಯದ ಪಂಚಾಯಿತಿಗಳೆಲ್ಲ ಸೇರಿ ವಿದ್ಯುತ್ ಕಂಪನಿಗಳಿಗೆ ಇಟ್ಟಿರೋ ಬಾಕಿ ಸಾವಿರಾರು ಕೋಟಿ. ವಸೂಲಿಗಾರನ ಯಜಮಾನನೇ ಬಾಕಿದಾರ. ನೀವು ಮನೆ ಮುಂದೆ ಬಿಟ್ಟುಕೊಟ್ಟ ನೂರು ರೂಪಾಯಿ ಎಲ್ಲೂ ಮಾಯ ಆಗಲ್ಲ ಮಾವ, ಇನ್ನೊಬ್ಬರ ಲೆಕ್ಕದಲ್ಲಿ ಬಂದು ಕೂರುತ್ತೆ. ನಿಮ್ಮ ಸಂಬಳದಲ್ಲೂ ಕೂತಿರಬೇಕು.

ವಸೂಲಿಗಾರ: ಕೂತಿತ್ತು. ವಸೂಲಾದ ಕರದಲ್ಲೇ ನಮಗೆ, ನೀರು ಬಿಡೋನಿಗೆ, ಕಸ ಗುಡಿಸೋಳಿಗೆ ಸಂಬಳ ಅನ್ನೋ ಕಾಲ ಅದು. ಆರು ತಿಂಗಳು ಸಂಬಳ ಇಲ್ಲದೆ ಕೂತಿದ್ದೂ ಉಂಟು. ನಿಮ್ಮತ್ತೆ ಓಲೆ ಅಡ ಹೋಗಿದ್ದು ಆಗಲೇ.

ಖಜಾಂಚಿ: ಆ ಕಾಲದಲ್ಲೂ ಊರಿನ ದೊಡ್ಡ ಮನೆಗಳಿಗೆ ಹೋಗಿ ಕೇಳ್ತಿದ್ರಾ? ನಿಜ ಹೇಳಿ. ನಿಮ್ಮ ವಹೀಲಿ ನಿಮಗಿಂತ ಜಾಸ್ತಿ ಸರ್ವೀಸ್ ಮಾಡಿದ ಬಾಕಿ ಯಾರ ಮನೇದು?

ವಸೂಲಿಗಾರ: ಕಲ್ಯಾಣ ಮಂಟಪದ್ದು. ಇಟ್ಟಿಗೆ ಫ್ಯಾಕ್ಟರೀದು. ಮಾಜಿ ಅಧ್ಯಕ್ಷರ ಅಂಗಡಿ ಸಾಲಿಂದು. ಕೇಳ್ತಿದ್ದೆ. ಕಾಫಿ ಕೊಡ್ತಿದ್ರು. ಕುಡಿದು ಬರ್ತಿದ್ದೆ.

ಖಜಾಂಚಿ: ವಿಧವೆ ಮನೇಲಿ?

ವಸೂಲಿಗಾರ: ಅವಳು ಕಾಫಿ ಕೊಡಲ್ಲ, ದುಡ್ಡು ಕೊಡ್ತಾಳೆ. ಐವತ್ತು, ನೂರು, ಸೆರಗಿನ ಗಂಟು ಬಿಚ್ಚಿ. ಬಾಕಿ ಅಂದ್ರೆ ಬಡವರಿಗೇ ಭಯ ಜಾಸ್ತಿ. ಜಪ್ತಿ ಅಂತ ಕಾನೂನಿದೆ, ಆದ್ರೆ ಒಂದೇ ಊರಲ್ಲಿ ಒಬ್ಬನ ಮನೆ ಟಿವಿ ಎತ್ಕೊಂಡು ಬಂದ್ರೆ ಹರಾಜಲ್ಲಿ ಕೂಗೋನು ಯಾರು? ಮಾಜಿ ಅಧ್ಯಕ್ಷರ ಮನೆ ಟಿವಿಗಂತೂ ಕೈ ಹಚ್ಚೋನೇ ಇಲ್ಲ. ಆಯ್ತಲ್ಲ, ನನ್ನ ಗುಟ್ಟು ಬಿಡಿಸ್ಕೊಂಡೆ. ಈಗ ನೀನು ಹೇಳು, ನಿಮ್ಮ ಒಟ್ಟು ಬಾಕೀಲಿ ಜಾಸ್ತಿ ಯಾರದು?

ಖಜಾಂಚಿ: (ತಡೆದು) ಬಿಲ್ಡರ್‌ದು. ಮಾರಾಟವಾಗದ ಏಳು ಫ್ಲಾಟು ಅವರ ಹೆಸರಲ್ಲೇ ಇವೆ. ಅರ್ಧಕ್ಕಿಂತ ಹೆಚ್ಚು ಬಾಕಿ ಅವರದೇ.

ವಸೂಲಿಗಾರ: ಆ ಏಳು ನಂಬರು ಲಿಫ್ಟ್ ಪಕ್ಕದ ಬೋರ್ಡಲ್ಲಿ ಇವೆಯಾ?

ಖಜಾಂಚಿ: ಅದು ಬೇರೆ ಖಾತೇಲಿದೆ ಮಾವ. ಲೀಗಲ್ ನೋಟಿಸ್ ಹೋಗಿದೆ. ಮೂರು ವರ್ಷದೊಳಗೆ ದಾವೆ ಹಾಕದಿದ್ರೆ ಕಾಲಮಿತಿ ಮೀರುತ್ತೆ ಅಂತ ವಕೀಲರೂ ಹೇಳಿದಾರೆ...

ವಸೂಲಿಗಾರ: ಬೋರ್ಡಲ್ಲಿ ಇವೆಯಾ ಅಂದೆ.

ಖಜಾಂಚಿ: ಇಲ್ಲ.

ಫೋನು ಮತ್ತೆ ಸದ್ದು ಮಾಡಿತು. ಈ ಸಲ ಗ್ರೂಪಲ್ಲ, ಒಬ್ಬರೇ ಕಳಿಸಿದ ಸಂದೇಶ. ಅವಳು ಓದಿ, ತಟ್ಟೆಯ ಅಂಚಿನಲ್ಲಿ ಬೆರಳು ನಿಲ್ಲಿಸಿದಳು. ಮೂರನೇ ಮಹಡಿಯ ಮನೆ. ಗಂಡ ತೀರಿಕೊಂಡು ವರ್ಷವಾಗಿಲ್ಲ. ಹೆಂಡತಿ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್. ಮನೆ ಸಾಲದ ಕಂತು ಹೋಗಿ ಉಳಿದಿದ್ದರಲ್ಲಿ ಮೆಂಟೆನೆನ್ಸಿಗೆ ಸಾವಿರ, ಐನೂರು ಅಂತ ಹಾಕುತ್ತಿದ್ದಾರೆ. ಅವರ ನಂಬರು ಪಟ್ಟಿಯಲ್ಲಿದೆ. ಮಗ ಸ್ಕೂಲಿಂದ ಬಂದವನು ಬೋರ್ಡು ನೋಡಿ ಕೇಳಿದನಂತೆ.

ವಸೂಲಿಗಾರ: ಇನ್ನೂ ಏನೇನು ಮಾಡಬೇಕು ಅಂತಿದ್ದೆ ಆ ಮನೆಗೆ?

ಖಜಾಂಚಿ: ನಿಯಮದ ಪ್ರಕಾರ ಈ ತಿಂಗಳಿಂದ ಜನರೇಟರ್ ಲೈನ್ ಕಟ್. ಆಮೇಲೆ ಗೇಟಿನ ಆ್ಯಪಲ್ಲಿ ಅತಿಥಿಗಳ ಎಂಟ್ರಿ ನಿಲ್ಲಿಸೋದು ಅಂತ ಕಮಿಟೀಲಿ ಮಾತಾಗಿತ್ತು. ನೀರಿಗೆ ಕೈ ಹಾಕಲ್ಲ, ಅದು ನಾನು ಮೊದಲೇ ಹೇಳಿದೀನಿ.

ವಸೂಲಿಗಾರ: 2025ರ ಫೆಬ್ರವರೀಲಿ ಮೈಕ್ರೋ ಫೈನಾನ್ಸಿನವರ ಕಾಟಕ್ಕೆ ಸರ್ಕಾರ ಸುಗ್ರೀವಾಜ್ಞೆ ತಂತಲ್ಲ. ಬಾಕಿದಾರರ ಬಾಗಿಲಲ್ಲಿ ಕೂರೋದು, ಗೋಡೆ ಮೇಲೆ ಬರೆದು ಹೋಗೋದು, ಇದೆಲ್ಲ ಆದ ಮೇಲೆ. ಗೋಡೆ ಮೇಲೆ ಬರೆಯೋದಕ್ಕೂ ಬೋರ್ಡಿಗೆ ಅಂಟಿಸೋದಕ್ಕೂ ಎಷ್ಟು ದೂರ?

ಖಜಾಂಚಿ: ದೂರ ಇದೆ. ಅವರು ಬಡ್ಡಿ ದುಡಿಯೋರು, ನಾವು ಖರ್ಚು ಹಂಚ್ಕೊಳ್ಳೋರು. ನನಗೆ ಇದರಲ್ಲಿ ಒಂದು ರೂಪಾಯಿ ಲಾಭ ಇಲ್ಲ. ಅವರದನ್ನ ಬಿಟ್ರೆ ಉಳಿದೋರ ಮೇಲೆ ಹಾಕ್ಬೇಕು, ಅವರಲ್ಲೂ ಇಂಥವರೇ ಇನ್ನೊಬ್ಬರಿರಬಹುದು, ಮಾತಾಡದೆ ಕಟ್ಟೋರು.

ವಸೂಲಿಗಾರ: ತುತ್ತು ಗಂಟಲಲ್ಲಿ ಇಳೀಲಿ, ಊಟ ಮಾಡು. ನಾನಾಗಿದ್ರೆ ಏನು ಮಾಡ್ತಿದ್ದೆ ಅಂದ್ರೆ, ಆ ನಂಬರನ್ನ ಪಟ್ಟಿಯಿಂದ ತೆಗೀತಿದ್ದೆ. ಯಾರಿಗೂ ಹೇಳ್ತಿರಲಿಲ್ಲ. ಅವರಿಗೂ ಹೇಳ್ತಿರಲಿಲ್ಲ. ಅವರು ಕೊಟ್ಟಾಗ ರಸೀದಿ ಹರೀತಿದ್ದೆ.

ಖಜಾಂಚಿ: ಗುಟ್ಟಾಗಿ ಬಿಟ್ರೆ ಅದು ನಿಮ್ಮ ದಯೆ. ನಾಳೆ ಖಜಾಂಚಿ ಬದಲಾದ್ರೆ ಅವರ ಗತಿ? ಬರೆದು ಬಿಟ್ರೆ ಅದು ಅವರ ಹಕ್ಕು. ಮನೇಲಿ ಸಾವು, ಕಾಯಿಲೆ, ಕೆಲಸ ಹೋಗಿದ್ದು, ಹಿಂಗಿದ್ದೋರಿಗೆ ಒಂದು ವರ್ಷ ಬಡ್ಡಿ ಇಲ್ಲ, ಕಂತಿನಲ್ಲಿ ಕಟ್ಟಬಹುದು, ಪಟ್ಟೀಲಿ ಹೆಸರು ಬರಲ್ಲ ಅಂತ ಸಭೇಲೇ ಠರಾವು ಮಾಡಿಸ್ತೀನಿ. ಅರ್ಜಿ ಕೊಟ್ಟೋರಿಗೆಲ್ಲ ಒಂದೇ ನಿಯಮ.

ವಸೂಲಿಗಾರ: ಅರ್ಜಿ! ಅಲ್ಲೇ ಇರೋದು. ಅರ್ಜಿ ಬರೀಬೇಕು ಅಂದ್ರೆ ಅವಳು ಬರಲ್ಲ. ಗಂಡ ಸತ್ತ, ದುಡ್ಡಿಲ್ಲ ಅಂತ ತೊಂಬತ್ತಾರು ಮನೆ ಕಮಿಟಿ ಮುಂದೆ ಕಾಗದ ಇಡೋ ಬದಲು ಓಲೆ ಮಾರ್ತಾಳೆ. ಅರ್ಜಿ ಹಿಡ್ಕೊಂಡು ಮೊದಲು ಓಡಿ ಬರೋನು ಯಾರು ಗೊತ್ತಾ? ಎರಡು ಕಾರು ಇರೋನು. ನಮ್ಮಲ್ಲಿ ಬಡವರ ಪಟ್ಟಿ ಮಾಡೋವಾಗೆಲ್ಲ ಮೊದಲು ಬಂದೋರು ಅವರೇ.

ಖಜಾಂಚಿ: ಅದೂ ಗೊತ್ತು. 2024ರಲ್ಲಿ ಬಿಬಿಎಂಪಿಯವರು ಆಸ್ತಿ ತೆರಿಗೆ ಬಾಕಿಗೆ ಒನ್ ಟೈಮ್ ಸೆಟಲ್‌ಮೆಂಟ್ ಅಂತ ಬಡ್ಡಿ ಮನ್ನಾ ಮಾಡಿದ್ರು. ಗಡುವು ಮುಂದೂಡಿ ಮುಂದೂಡಿ ನವೆಂಬರ್ ಕೊನೆಗೆ ತಂದ್ರು. ದುಡ್ಡೇನೋ ಬಂತು. ನಮ್ಮ ಗ್ರೂಪಲ್ಲಿ ಮಾತ್ರ ಒಂದೇ ಮಾತು, ಹೊತ್ತಿಗೆ ಸರಿಯಾಗಿ ಕಟ್ಟಿದ ನಾವು ಪೆದ್ದರಾ ಅಂತ. ಈಗ ನಮ್ಮ ಬಡ್ಡೀನೂ ಮನ್ನಾ ಮಾಡಿ ಅಂತ ಅರ್ಜಿ ಕೊಟ್ಟಿರೋರಲ್ಲಿ ಮೂರನೇ ಮಹಡಿಯವರಿಲ್ಲ. ಸೋರೋ ಸೀಲಿಂಗಿನವರಿದಾರೆ.

ವಸೂಲಿಗಾರ: ಅವರ ಸೀಲಿಂಗ್ ನಿಜವಾಗ್ಲೂ ಸೋರುತ್ತಾ?

ಖಜಾಂಚಿ: ಸೋರುತ್ತೆ.

ವಸೂಲಿಗಾರ: ಮತ್ತೆ ರಿಪೇರಿ ಮಾಡ್ಸಮ್ಮ! ಅರ್ಧ ಬಾಕಿ ನಲ್ಲಿ ರಿಪೇರಿ ಮಾಡಿದ್ರೇ ಬರುತ್ತೆ. ನಮ್ಮಲ್ಲಿ ಕಟ್ಟದೇ ಇದ್ದ ಬೀದಿಗೆ ಹೋಗಿ ನೋಡಿದ್ರೆ ಅಲ್ಲಿಗೆ ನೀರೇ ಏರ್ತಿರಲಿಲ್ಲ. ವಾಲ್ವ್ ಸರಿ ಮಾಡ್ಸಿದ ತಿಂಗಳು ಹೋದೆ, ಮಾತಿಲ್ಲದೆ ಕೊಟ್ರು. ಇದೊಂದು ವಿಷಯದಲ್ಲಿ ನನ್ನ ಮಾತು ಕೇಳು.

ಖಜಾಂಚಿ: ರಿಪೇರಿಗೆ ದುಡ್ಡು ಬಾಕೀಲಿದೆ ಮಾವ. ಬಿಲ್ಡರ್ ಬಾಕೀಲಿ.

ವಸೂಲಿಗಾರ: ಹಂಗಾದ್ರೆ ಇವತ್ತು ಎರಡು ಕೆಲಸ ಮಾಡು. ಮೂರನೇ ಮಹಡಿ ನಂಬರು ತೆಗೆಸು. ಬಿಲ್ಡರಿನ ಏಳು ನಂಬರು ಹಾಕ್ಸು.

ಖಜಾಂಚಿ: ಮೊದಲನೇದು ಈಗಲೇ ಮಾಡ್ತೀನಿ, ನಿಯಮ ಮೀರಿ, ನನ್ನ ಹೊಣೆ ಮೇಲೆ. ಸಭೇಲಿ ಒಪ್ಪಿಸ್ಕೋತೀನಿ. ಎರಡನೇದು... ಇನ್ನೂ ಕೆಲವು ದಾಖಲೆ ಅವರ ಹತ್ರಾನೇ ಇವೆ, ಪೂರ್ತಿ ಹಸ್ತಾಂತರ ಆಗಿಲ್ಲ. ನಾನೊಬ್ಬಳೇ ಹಾಕೋಕಾಗಲ್ಲ. ಸೋಮವಾರ ಕಮಿಟಿ ಮುಂದೆ ಇಡ್ತೀನಿ.

ವಸೂಲಿಗಾರ: ಇಡು, ಇಡು. ಕಲ್ಯಾಣ ಮಂಟಪದ ಫೈಲನ್ನ ನಮ್ಮವರೂ ಸೋಮವಾರವೇ ಇಡ್ತಿದ್ರು.

ಖಜಾಂಚಿ: ಅಪ್ಪನ ಮನೇದು ಎಷ್ಟಿದೆ ಹೇಳಿ, ಫೋನಲ್ಲೇ ಕಟ್ಟಿಬಿಡ್ತೀನಿ.

ವಸೂಲಿಗಾರ: ನನಗೇನು ಗೊತ್ತು, ವಹಿ ಕೊಟ್ಟು ಬಂದಾಯ್ತು. ಹೊಸ ಹುಡುಗ ಇದಾನೆ, ನೋಟಿಸ್ ಕೊಡ್ತಾನೋ ಇಲ್ವೋ ನೋಡು. ಕೊಟ್ರೆ ಕಟ್ಟು.

ಖಜಾಂಚಿ: ಕೊಡದಿದ್ರೆ?

ವಸೂಲಿಗಾರ: ಕೊಡದಿದ್ರೆ ನೀನೇ ಹೋಗಿ ಕೇಳು. ಮಜ್ಜಿಗೆ ಹಾಕ್ಲಾ?